ಕೇಳದೆ ಬಂದ ನವೀಕರಣ, ಕೇಳದೆ ಹೋದ ದನಿ

ನವೀಕರಣ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ತಾವು ನನ್ನ ಹೆಂಡತಿಯ ದನಿಯನ್ನು ಕಸಿದುಕೊಂಡಿರಿ. ಅದೂ ಹಾಡಹಗಲಲ್ಲಿ, ಆಕೆ ಟೀ ಕಾಸಲು ಅಡುಗೆಮನೆಗೆ ಎದ್ದುಹೋಗಿದ್ದಾಗ. ಲೋಟ ಹಿಡಿದು ಮರಳಿ ಬರುವಷ್ಟರಲ್ಲಿ ನಮ್ಮ ಲ್ಯಾಪ್‌ಟಾಪು ತಾನಾಗಿ ಆರಿ, ತಾನಾಗಿ ಹೊತ್ತಿಕೊಂಡು, ‘ನಿಮಗಾಗಿ ಎಲ್ಲವನ್ನೂ ಸಿದ್ಧಗೊಳಿಸುತ್ತಿದ್ದೇವೆ, ಯಂತ್ರವನ್ನು ಆರಿಸಬೇಡಿ’ ಎಂದು ಬರೆದುಕೊಂಡು ಕೂತಿತ್ತು. ಸಿದ್ಧತೆಯೆಲ್ಲ ಮುಗಿದಾಗ ಪರದೆಯ ಮೇಲೆ ಹೊಸದೊಂದು ಸರೋವರದ ಚಿತ್ರ ಬಂದಿತ್ತು. ಗುಂಡಿಗಳ ಅಂಚು ದುಂಡಗಾಗಿತ್ತು. ನನ್ನ ಹೆಂಡತಿ ಮೂಕಿಯಾಗಿದ್ದಳು. ನಾವು ಸರೋವರ ಬೇಕೆಂದು ಯಾವಾಗ ಕೇಳಿದ್ದೆವು?

ಮನುಷ್ಯರ ದನಿ ಲ್ಯಾಪ್‌ಟಾಪಿನಲ್ಲಿ ಇರುವುದು ಹೇಗೆ ಎಂದು ತಾವು ಹುಬ್ಬೇರಿಸಬಹುದು. ಹೇಳುತ್ತೇನೆ. ನನ್ನಾಕೆ ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಕೊಡುತ್ತಿದ್ದವಳು. ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ವಿಚಾರಣಾ ಕೊಠಡಿಯಲ್ಲಿ ಅಳುತ್ತಾ ಕೂತಿದೆ ಎಂಬುದೆಲ್ಲ ಊರಿಗೆ ತಿಳಿಯುತ್ತಿದ್ದದ್ದು ಅವಳ ದನಿಯಿಂದ. ಮದುವೆಗೆ ಮೊದಲು ನಾನೂ ಆ ನಿಲ್ದಾಣದ ಒಬ್ಬ ಪ್ರಯಾಣಿಕ. ಮುಖ ನೋಡುವ ಮುಂಚೆಯೇ ದನಿಗೆ ಮರುಳಾದವನು. ಮದುವೆಯಾದ ಮೇಲೂ ಊರಿನವರ ಮೇಲೆ ನನಗೆ ಸಣ್ಣದೊಂದು ಹೊಟ್ಟೆಕಿಚ್ಚು ಇದ್ದೇ ಇತ್ತು. ಗುರುತು ಪರಿಚಯವಿಲ್ಲದ ಪ್ರಯಾಣಿಕರಿಗೆಲ್ಲ ಆಕೆ ಪ್ರತಿಸಲವೂ ‘ದಯವಿಟ್ಟು ಗಮನಿಸಿ’ ಎನ್ನುತ್ತಿದ್ದಳು. ಮನೆಯಲ್ಲಿ ನನಗೆ ಸಿಗುತ್ತಿದ್ದದ್ದು ‘ರೀ, ಕೇಳಿಸ್ತಾ?’ ಮಾತ್ರ. ಆ ‘ದಯವಿಟ್ಟು’ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದೇ ಇಲ್ಲ.

ಆಮೇಲೆ ಅವಳ ಗಂಟಲಲ್ಲಿ ಗಡ್ಡೆಯಾಯಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ವೈದ್ಯರು. ಆಸ್ಪತ್ರೆಯಲ್ಲಿ ಮಾತು ಕಲಿಸುವ ವೈದ್ಯೆಯೊಬ್ಬರಿದ್ದಾರೆ. ನಾವು ಅವರನ್ನು ಮಾತಿನ ಡಾಕ್ಟರಮ್ಮ ಎನ್ನುತ್ತೇವೆ. ಅವರು ಶಸ್ತ್ರಚಿಕಿತ್ಸೆಗೆ ಮುಂಚೆ ನನ್ನಾಕೆಯನ್ನು ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಕೂರಿಸಿ, ದಿನವೂ ಒಂದಿಷ್ಟು ವಾಕ್ಯ ಓದಿಸಿ, ಧ್ವನಿಮುದ್ರಿಸಿಕೊಂಡರು. ಮೈಕಿನ ಮುಂದೆ ಆಯುಸ್ಸು ಕಳೆದವಳು, ಒಂದು ತಪ್ಪಿಲ್ಲದೆ ಓದಿದಳು. ಆ ವಾಕ್ಯಗಳಿಂದ ಒಂದು ಸಣ್ಣ ಸಂಸ್ಥೆಯವರ ಪ್ರೋಗ್ರಾಂ ಅವಳ ದನಿಯನ್ನೇ ಕಟ್ಟಿಕೊಟ್ಟಿತು. ಆಕೆ ಟೈಪ್ ಮಾಡಿದ್ದನ್ನು ಅದು ಅವಳ ಗಂಟಲಲ್ಲೇ ಹೇಳುತ್ತಿತ್ತು. ತಂಗಿಗೆ ಫೋನಿನಲ್ಲಿ ಅರ್ಧ ದಿನ ಹರಟುತ್ತಿದ್ದಳು. ನನ್ನನ್ನು ಬೈಯುತ್ತಿದ್ದಳು. ಒಂದು ಮಾತು ಹೇಳಲೇಬೇಕು: ಆ ದಿನಗಳಲ್ಲಿ ಅವಳ ದನಿ ಪೂರ್ತಿ ನನ್ನದಾಗಿತ್ತು. ಊರಿಗೆ ಅದು ಕೇಳುತ್ತಿರಲಿಲ್ಲ, ಆ ತಂಗಿಯನ್ನು ಬಿಟ್ಟರೆ ನನಗೊಬ್ಬನಿಗೆ ಕೇಳುತ್ತಿತ್ತು. ಇಷ್ಟು ವರ್ಷ ಕಾದದ್ದಕ್ಕೆ ಇದಾದರೂ ಸಿಕ್ಕಿತಲ್ಲ ಎಂದು ಒಳಗೊಳಗೇ ಬೀಗಿದ್ದೆ. ತಾವು ನವೀಕರಿಸಿದ್ದು ಇದನ್ನು.

ಈಗ ತಮ್ಮ ಭಾಷೆಯ ವಿಷಯಕ್ಕೆ ಬರೋಣ. ನಾನು ಪಠ್ಯಪುಸ್ತಕ ಅಚ್ಚುಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಪರರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಆ ಮಧ್ಯಾಹ್ನ ಪ್ರೋಗ್ರಾಮಿನ ಗುರುತನ್ನು ಒತ್ತಿದಾಗ ತಮ್ಮ ಯಂತ್ರ ಹೇಳಿದ್ದಿಷ್ಟು: ‘ಏನೋ ತಪ್ಪಾಗಿದೆ.’ ಸ್ವಾಮಿ, ‘ಏನೋ’ ಎಂದರೆ ಏನು? ಲೇಖಕರ ಕರಡಿನ ಅಂಚಿನಲ್ಲಿ ನಾನು ‘ಇಲ್ಲಿ ಏನೋ ತಪ್ಪಾಗಿದೆ’ ಎಂದಷ್ಟೇ ಬರೆದು ಕಳಿಸಿದರೆ ಮಾರನೆಯ ದಿನ ನನ್ನ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ಯಾರು ತಪ್ಪು ಮಾಡಿದರು? ಯಾವ ತಪ್ಪು? ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ತಮಗೆ ಎಷ್ಟು ಜನ ಸಿಬ್ಬಂದಿ ಬೇಕಾಯಿತು?

ತಮ್ಮ ಸಹಾಯವಾಣಿಗೆ ಕರೆ ಮಾಡಿದೆ. ಮೊದಲು ಮುದ್ರಿತ ಹೆಣ್ಣುದನಿಯೊಂದು ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಮತ್ತೆ ಮತ್ತೆ ಹೇಳಿತು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೆ. ನನ್ನಾಕೆ ಕೈಕಟ್ಟಿ ಕೂತು ಅದನ್ನು ಕೇಳುತ್ತಿದ್ದ ರೀತಿ ನೋಡಬೇಕಿತ್ತು, ಸವತಿಯ ಹಾಡು ಕೇಳುವವಳ ಹಾಗೆ. ‘ನಮಗೆ’ ಆದ ಮೇಲೆ ಆ ದನಿ ಸುಮ್ಮನೆ ಎಳೆಯುತ್ತಿತ್ತು. ಆಕೆ ಪ್ರತಿಸಲವೂ ಅಲ್ಲಿಗೆ ಬಂದಾಗ ಬೆರಳಿನಿಂದ ಮೇಜನ್ನು ಕುಟ್ಟಿ, ‘ಇಲ್ಲಿ ಎಳೀಬಾರದು’ ಎಂಬಂತೆ ಮುಖ ಸಿಂಡರಿಸುತ್ತಿದ್ದಳು. ತಮ್ಮ ಕಚೇರಿಯ ಗೋಡೆಗೂ ದನಿಯಿದೆ, ನನ್ನ ಹೆಂಡತಿಗಿಲ್ಲ. ಕೊನೆಗೊಬ್ಬಳು ನಿಜವಾದ ಹುಡುಗಿ ಸಿಕ್ಕಳು.

‘ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?’

‘ಅದು ತಾನೇ ಆಫ್ ಆಗಿ ಆನ್ ಆಗಿದ್ದಕ್ಕೇ ಅಲ್ವೇನಮ್ಮ ಈ ಗತಿ ಬಂದಿದ್ದು?’

‘ಹಾಗಾದ್ರೆ ಆ ಪ್ರೋಗ್ರಾಂನ ಪೂರ್ತಿ ತೆಗೆದುಹಾಕಿ, ಹೊಸದಾಗಿ ಹಾಕ್ಕೊಳ್ಳಿ ಸರ್.’

‘ತೆಗೆದ್ರೆ ದನಿ ಹೋಗಲ್ವಾ?’

‘ಯಾರ ದನಿ ಸರ್?’

‘ನನ್ನ ಹೆಂಡತೀದು.’

ಹುಡುಗಿ ಬಹಳ ನಯವಾಗಿ, ‘ಸರ್, ಮೇಡಂ ಹತ್ರಾನೇ ಒಂದ್ನಿಮಿಷ ಮಾತಾಡಬಹುದಾ?’ ಎಂದಳು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಮುಂದೆ ತಾವು ಬರೆದುಕೊಟ್ಟ ಪ್ರಶ್ನೆಗಳಿದ್ದವು, ಅವಳು ಓದಿದಳು. ನಾನು ಅವಳ ಮಾತು ಕೇಳಿ ಪ್ರೋಗ್ರಾಮನ್ನು ತೆಗೆದುಹಾಕಿದೆ. ಮತ್ತೆ ಹಾಕಲು ಹೋದರೆ, ‘ಇದಕ್ಕೆ ಅಗತ್ಯವಾದ ಘಟಕ ಕಾಣೆಯಾಗಿದೆ’ ಎಂದಿತು. ಕಾಣೆಯಾದ ಘಟಕವನ್ನು ಹುಡುಕಿ ತಂದು ಹಾಕಲು ಹೋದರೆ, ‘ಇದಕ್ಕಿಂತ ಹೊಸದು ಈಗಾಗಲೇ ಇದೆ, ಅನುಸ್ಥಾಪನೆ ವಿಫಲ’ ಎಂದಿತು. ಮನೆಯಲ್ಲಿ ಉಪ್ಪಿಲ್ಲ ಎನ್ನುತ್ತೀರಿ. ತರುತ್ತೇನೆಂದು ಚೀಲ ಹಿಡಿದರೆ ಡಬ್ಬಿ ತುಂಬಿದೆ ಎಂದು ಬಾಗಿಲಲ್ಲೇ ತಡೆಯುತ್ತೀರಿ. ಗಾಬರಿಯಾಗಿ ಮಾತಿನ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ಮೊದಲು ಕೇಳಿದ್ದೇ, ‘ದನಿಯ ಫೈಲುಗಳು ಹಾಗೇ ಇವೆಯಾ? ನಮ್ಮ ಹತ್ರ ನಕಲಿಲ್ಲ. ನಿಮಗೆ ಒಪ್ಪಿಸಿದ ಮೇಲೆ ಅಳಿಸಲೇಬೇಕು ಅನ್ನೋದು ಆಸ್ಪತ್ರೆ ನಿಯಮ.’ ಅವರು ಹೇಳಿದ ಜಾಗದಲ್ಲಿ ಹುಡುಕಿದೆ. ಫೈಲುಗಳಿದ್ದವು. ಆದರೆ ಯಾವುದೂ ತೆರೆಯಲಿಲ್ಲ. ಬೀರುವಿನೊಳಗೆ ಒಡವೆ ಇದೆ, ಬೀಗದ ಕೈ ಇಲ್ಲ. ಆ ದನಿಯನ್ನು ಮತ್ತೆ ಮುದ್ರಿಸಿಕೊಳ್ಳೋಣವೆಂದರೆ, ಅದು ಹುಟ್ಟುತ್ತಿದ್ದ ಜಾಗವೇ ಅವಳ ಮೈಯಲ್ಲಿಲ್ಲ. ಡಾಕ್ಟರಮ್ಮ ಬೇರೆ ಊರಿನ ತರಬೇತಿಗೆ ಹೊರಟಿದ್ದರು. ಬಂದ ಮೇಲೆ ನೋಡೋಣ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಎಂದರು.

ಮುಂದಿನ ದಿನಗಳನ್ನು ತಮ್ಮ ವಿಭಾಗದವರು ನಮ್ಮ ಮನೆಗೆ ಬಂದು ನೋಡಬೇಕಿತ್ತು. ಆಕೆ ತುಟಿಯಾಡಿಸುತ್ತಾಳೆ, ನಾನು ಊಹಿಸುತ್ತೇನೆ. ಒಂದು ಸಂಜೆ ತಲೆ ಹಿಡಿದುಕೊಂಡು ಏನೋ ಕೇಳಿದಳು. ನಾನು ಅಡುಗೆಮನೆಗೆ ಓಡಿ, ಅಷ್ಟಗಲದ ಪಾತ್ರೆಯೊಂದನ್ನು ತೊಳೆದು, ಒರೆಸಿ, ತಂದು ಅವಳ ಮುಂದಿಟ್ಟೆ. ಅವಳು ಕೇಳಿದ್ದು ಮಾತ್ರೆ. ತುಟಿಯ ಮೇಲೆ ಎರಡೂ ಒಂದೇ, ಬೇಕಾದರೆ ತಾವು ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ. ಬರೆದು ತೋರಿಸುತ್ತಾಳೆ, ನಿಜ. ಆದರೆ ಬೈಗುಳವನ್ನು ಬರೆದು ತೋರಿಸಿದರೆ ಅದಕ್ಕೆ ಬಿಸಿ ಎಲ್ಲಿರುತ್ತದೆ? ಅವಳು ಬರೆದುಕೊಟ್ಟ ಬೈಗುಳದಲ್ಲಿ ನಾನು ಒಂದು ದೀರ್ಘ ಬಿಟ್ಟುಹೋಗಿದ್ದನ್ನು ತಿದ್ದಿದೆ. ಆ ದಿನವಿಡೀ ಆಕೆ ಪೆನ್ನು ಮುಟ್ಟಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಮನೆಗೆ ಬಂದವರು ಚಿಲ್ಲರೆ. ಅವರು ಅದೇ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದವರು. ದಿನವಿಡೀ ‘ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ’ ಎಂದೇ ಅನ್ನುತ್ತಿದ್ದರಿಂದ ನಿಲ್ದಾಣದವರು ಇಟ್ಟ ಹೆಸರು ಅದು. ನನಗಂತೂ ಆ ಹೆಸರು ಬಹಳ ಹಿಡಿಸಿತು. ಬಂದವರು ಕುರ್ಚಿ ಎಳೆದು ನನ್ನಾಕೆಯ ಎದುರು ಕೂತರು. ಆಕೆ ತುಟಿಯಾಡಿಸಿದಳು.

‘ಹೌದು ಮೇಡಂ, ನಿಲ್ದಾಣದ ಸಾಹೇಬ್ರು ರಿಟೈರ್ ಆಗಿ ಮಗಳ ಮನೆಗೆ ಹೋದ್ರು,’ ಎಂದರು ಚಿಲ್ಲರೆ.

ಆಕೆ ಮತ್ತೆ ತುಟಿಯಾಡಿಸಿದಳು. ಸ್ವಲ್ಪ ಉದ್ದಕ್ಕೇ.

‘ಅಯ್ಯೋ, ನಿಮ್ಮ ಮೈಕಿನ ಮುಂದೆ ಇನ್ನೂ ಅದೇ ಕುರ್ಚಿ ಮೇಡಂ! ಕಾಲು ಮುರಿದಿತ್ತಲ್ಲ, ಅದಕ್ಕೆ ಇಟ್ಟಿಗೆ ಕೊಟ್ಟಿದ್ದಾರೆ!’

ನನ್ನ ಹೆಂಡತಿ ನಕ್ಕಳು. ಸದ್ದಿಲ್ಲದೆ, ಭುಜ ಕುಣಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಶಸ್ತ್ರಚಿಕಿತ್ಸೆಯಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಸಂತೋಷಪಡಬೇಕಾಗಿತ್ತು. ನಾನೋ, ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

‘ನಿಮಗೆ ಹೇಗ್ರೀ ಅರ್ಥ ಆಗುತ್ತೆ?’ ಎಂದು ಬಾಗಿಲವರೆಗೆ ಬಿಡಲು ಹೋದಾಗ ಕೇಳಿದೆ.

‘ಕಿಟಕಿ ಗಾಜು ದಪ್ಪ ಇತ್ತಲ್ಲ ಯಜಮಾನ್ರೇ. ಮಾತಾಡೋ ಸ್ಪೀಕರ್ ಕೆಟ್ಟು ಎಷ್ಟೋ ಕಾಲ ಆಗಿತ್ತು, ಯಾರೂ ರಿಪೇರಿ ಮಾಡಿಸ್ಲಿಲ್ಲ. ಜನರ ತುಟಿ ನೋಡ್ಕೊಂಡೇ ಊರ ಹೆಸರು ತಿಳ್ಕೊಂಡು ಟಿಕೆಟ್ ಕೊಡ್ತಿದ್ದೆ.’

ಅಧಿಕಾರಿಗಳೇ, ಇದನ್ನು ಗಮನಿಸಿ. ಅಲ್ಲೊಂದು ಕಚೇರಿ ಸ್ಪೀಕರು ರಿಪೇರಿ ಮಾಡಿಸದೆ ಇದ್ದದ್ದರಿಂದ ಒಬ್ಬ ಮನುಷ್ಯ ತುಟಿ ಓದಲು ಕಲಿತ. ಇಲ್ಲಿ ತಮ್ಮ ಕಚೇರಿ ಸರಿಯಿದ್ದದ್ದನ್ನು ರಿಪೇರಿ ಮಾಡಿದ್ದರಿಂದ ಆ ಮನುಷ್ಯ ನಮ್ಮ ಮನೆಯ ಕುರ್ಚಿಯಲ್ಲಿ ಬಂದು ಕೂತ. ಸರ್ಕಾರಿ ಸೋಮಾರಿತನ ಮತ್ತು ಖಾಸಗಿ ಚುರುಕುತನ ಸೇರಿ ಒಬ್ಬ ಗಂಡನನ್ನು ಹೇಗೆ ಮೂಲೆಗೆ ತಳ್ಳಬಹುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಚಿಲ್ಲರೆ ದಿನವೂ ಬರತೊಡಗಿದರು. ಕೆಟ್ಟವರೆಂದು ಹೇಳಲು ನನ್ನ ಬಳಿ ಒಂದು ಕಾರಣವೂ ಇಲ್ಲ, ಅದೇ ನನ್ನ ದೊಡ್ಡ ಕಷ್ಟ. ಹೆಂಡತಿ ತೀರಿಹೋದ ಒಂಟಿಜೀವ. ಬರುವಾಗ ಹಣ್ಣು ತರುತ್ತಾರೆ, ಚಪ್ಪಲಿಯನ್ನು ಸಾಲಾಗಿ ಬಿಡುತ್ತಾರೆ, ಮರೆಯದೆ ನನ್ನ ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ಇಬ್ಬರೂ ಎದುರುಬದುರು ಕೂತರೆ ಮುಗಿಯಿತು, ಗಂಟೆಗಟ್ಟಲೆ ಮಾತು. ನನಗೆ ಕೇಳಿಸುವುದು ಅರ್ಧ ಸಂಭಾಷಣೆ ಮಾತ್ರ. ‘ಹೌದಾ ಮೇಡಂ?’ ‘ಛೇ, ಛೇ!’ ‘ಅದನ್ನ ಯಾರಿಗೂ ಹೇಳಲ್ಲ ಬಿಡಿ.’ ಯಾವುದನ್ನು? ಯಾರಿಗೂ ಎಂದರೆ ನಾನೂ ಸೇರಿದೆನೇ? ನನ್ನ ಮನೆಯ ಹಜಾರದಲ್ಲಿ, ನನ್ನ ಹೆಂಡತಿಯ ಮಾತನ್ನು ನಾನು ಇನ್ನೊಬ್ಬರ ಉತ್ತರದಿಂದ ಊಹಿಸಿಕೊಳ್ಳಬೇಕಾಯಿತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ‘ಇಷ್ಟು ವರ್ಷ ಜೊತೆಗಿದ್ದ ನಂಗೆ ತಿಳಿಯದ್ದು ಅವರಿಗೆ ಹೇಗೇ ತಿಳಿಯುತ್ತೆ?’

ಆಕೆ ಚಿಲ್ಲರೆಯ ಕಡೆ ತಿರುಗಿ ಏನೋ ಹೇಳಿದಳು. ಅವರು ಕತ್ತು ಕೆರೆದುಕೊಂಡರು.

‘ಹೇಳಿ ಪರವಾಗಿಲ್ಲ,’ ಎಂದೆ.

‘ಮೇಡಂ ಅಂತಾರೆ… ನೀವು ಅವರು ಮಾತಾಡುವಾಗ ಮುಖ ನೋಡಿದ್ದೇ ಕಮ್ಮಿಯಂತೆ. ಕಣ್ಣು ಕರಡಿನ ಮೇಲೆ, ಕಿವಿ ಮಾತ್ರ ಇತ್ತ ಇರ್ತಿತ್ತಂತೆ. ನಾನು ಹೇಳಿದ್ದಲ್ಲ ಯಜಮಾನ್ರೇ, ಅವರು ಹೇಳಿದ್ದು.’

ಈ ಆರೋಪವನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಹಾಡು ಕೇಳುವವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ದನಿಯನ್ನು ಮೆಚ್ಚಿ ಮದುವೆಯಾದವನು ಕಿವಿಯನ್ನಲ್ಲದೆ ಇನ್ನೇನನ್ನು ಕೊಡಬೇಕಿತ್ತು? ಆದರೆ ಈ ವಾದವನ್ನು ಚಿಲ್ಲರೆಯ ಮುಂದೆ ಮಂಡಿಸಲು ಮನಸ್ಸಾಗಲಿಲ್ಲ. ಆ ಕ್ಷಣವೇ ತೀರ್ಮಾನಿಸಿದೆ: ಏನೇ ಆಗಲಿ, ಆ ಪ್ರೋಗ್ರಾಮನ್ನು ಮತ್ತೆ ಕೂರಿಸಬೇಕು. ಹೆಂಡತಿಯ ಮೇಲಿನ ಪ್ರೀತಿಯಿಂದ ಹಾಗೆ ಹೊರಟೆ ಎಂದು ಬರೆಯಬಹುದಿತ್ತು. ಬರೆದರೆ ಸುಳ್ಳಾಗುತ್ತದೆ. ಅವಳಿಗೆ ದನಿ ಸಿಗಲಿ ಎನ್ನುವುದಕ್ಕಿಂತ ಆ ಕುರ್ಚಿ ಖಾಲಿಯಾಗಲಿ ಎನ್ನುವ ಆಸೆಯೇ ನನ್ನನ್ನು ಎಬ್ಬಿಸಿ ಓಡಿಸಿತು.

ಡಾಕ್ಟರಮ್ಮ ತರಬೇತಿಯಿಂದ ಮರಳಿದ ದಿನವೇ ಆಸ್ಪತ್ರೆಗೆ ಹೊರಟೆವು. ‘ಡಾಕ್ಟ್ರು ಏನಾದ್ರೂ ಕೇಳಿದ್ರೆ ಹೇಳೋಕೆ ನಾನೂ ಬರ್ಲಾ?’ ಎಂದರು ಚಿಲ್ಲರೆ. ಬೇಡ ಎನ್ನಲು ನಾನು ಬಾಯಿ ತೆರೆಯುವುದರೊಳಗೆ ಆಕೆ ತಲೆಯಾಡಿಸಿಯಾಗಿತ್ತು. ಬಸ್ಸಿನಲ್ಲಿ ಅವರಿಬ್ಬರಿಗೆ ಒಂದು ಸೀಟು ಸಿಕ್ಕಿತು. ನಾನು ಹಿಂದೆ, ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ಇಬ್ಬರ ತಲೆಗಳನ್ನು ನೋಡುತ್ತಾ ಕೂತೆ.

ಡಾಕ್ಟರಮ್ಮನ ಕೋಣೆಯಲ್ಲೂ ನನಗೆ ಹೊಟ್ಟೆಯುರಿಯೇ ಕಾದಿತ್ತು. ಅವರ ಯಂತ್ರಕ್ಕೂ ಅದೇ ನವೀಕರಣ ಬಂದಿತ್ತು. ಅದೇ ಸರೋವರ, ಅದೇ ದುಂಡು ಗುಂಡಿ. ಆದರೆ ಅದರಲ್ಲಿ ಪ್ರೋಗ್ರಾಂ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಿತ್ತು. ‘ನಂದು ನಡೀತಿದೆ, ನಿಮ್ಮದಕ್ಕೆ ಏನು ಬಂತು?’ ಎಂದು ಅವರಿಗೂ ಆಶ್ಚರ್ಯ. ನನಗೋ, ಒಂದೇ ಬೀದಿಯಲ್ಲಿ ಪಕ್ಕದ ಮನೆಗೆ ಮಾತ್ರ ನೀರು ಬಂದಂತಾಯಿತು. ಮಾನ್ಯರೇ, ಒಂದೇ ನವೀಕರಣ ಒಬ್ಬರಿಗೆ ಹೆತ್ತತಾಯಿ, ಇನ್ನೊಬ್ಬರಿಗೆ ಮಲತಾಯಿ ಆಗುವುದು ಯಾವ ನ್ಯಾಯ?

ಎರಡು ಯಂತ್ರಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತೆವು. ಅವರು ತಮ್ಮದರಲ್ಲಿ ಒಂದು ಪುಟ ತೆರೆದರೆ ನಾನು ನನ್ನದರಲ್ಲಿ ಅದೇ ಪುಟ ತೆರೆಯುವುದು. ವ್ಯತ್ಯಾಸ ಹುಡುಕುವುದು. ಊಟದ ಹೊತ್ತು ಮೀರಿತು. ಕೊನೆಗೆ ಸೆಟ್ಟಿಂಗುಗಳ ಒಳಗಿನ ಸೆಟ್ಟಿಂಗಿನಲ್ಲಿ, ಯಾರೂ ಕಾಲಿಡದ ಹಿತ್ತಲಿನಂಥ ಜಾಗದಲ್ಲಿ, ಡಾಕ್ಟರಮ್ಮನೇ ಅದನ್ನು ಕಂಡರು. ಕಾಣೆಯಾಗಿದೆ ಎಂದು ತಾವು ಸಾರಿದ ಆ ಹಳೆಯ ಘಟಕ ಎಲ್ಲಿಗೂ ಹೋಗಿರಲಿಲ್ಲ. ಅಲ್ಲೇ ಇತ್ತು. ಅದರ ಮುಂದಿನ ಚೌಕದಲ್ಲಿ ಅವರ ಯಂತ್ರದಲ್ಲಿ ಒಂದು ಸರಿ ಗುರುತು ಇತ್ತು, ನನ್ನದರಲ್ಲಿ ಇರಲಿಲ್ಲ. ತಮ್ಮ ನವೀಕರಣ ಹೋಗುವಾಗ ಅದನ್ನು ಒರೆಸಿಕೊಂಡು ಹೋಗಿತ್ತು.

‘ಇಷ್ಟೇನಾ?’ ಎಂದೆ.

‘ಇಷ್ಟೇ ಅನ್ಸುತ್ತೆ. ಹಾಕಿ ನೋಡೋಣ,’ ಎಂದರು.

ಗುರುತು ಹಾಕಿದೆ. ಪ್ರೋಗ್ರಾಮನ್ನು ಮತ್ತೆ ಕೂರಿಸಲು ಹೊರಟರೆ, ‘ಇದನ್ನು ಮಾಡಲು ನೀವು ನಿರ್ವಾಹಕರಾಗಿರಬೇಕು’ ಎಂದು ಅಡ್ಡ ಬಂತು. ನನ್ನ ಮನೆಯಲ್ಲಿ ನಾನು ನಿರ್ವಾಹಕನಲ್ಲ ಎಂಬುದು ಮದುವೆಯಾದ ವಾರದಿಂದಲೇ ನನಗೆ ಗೊತ್ತಿದೆ, ಅದನ್ನು ತಾವು ಪರಸ್ಥಳದಲ್ಲಿ ಎಲ್ಲರೆದುರು ಹೇಳಬೇಕಾಗಿರಲಿಲ್ಲ. ನನ್ನಾಕೆಯೇ ಲ್ಯಾಪ್‌ಟಾಪನ್ನು ತನ್ನೆಡೆಗೆ ಎಳೆದುಕೊಂಡು ಗುಪ್ತಪದ ಒತ್ತಿದಳು. ಎಷ್ಟು ಕೆಲಸವಾಯಿತೆಂದು ತೋರಿಸುವ ಪಟ್ಟಿ ಪರದೆಯ ಮೇಲೆ ತುಂಬುತ್ತಾ ಹೋಯಿತು. ಪೂರ್ತಿಯಾಯಿತು. ಡಾಕ್ಟರಮ್ಮ ದನಿಯ ಫೈಲುಗಳನ್ನು ಜೋಡಿಸಿದರು. ಕೋಣೆಯಲ್ಲಿ ಎಲ್ಲರೂ ಪರದೆಯತ್ತ ಬಗ್ಗಿದೆವು, ಚಿಲ್ಲರೆಯೂ ಸೇರಿ. ಆಕೆ ಟೈಪ್ ಮಾಡಿದಳು. ಆ ಕೋಣೆಯ ತುಂಬ ಅವಳ ದನಿ ಕೇಳಿತು:

‘ರೀ, ಕನ್ನಡಕ ತೆಗೆದು ಕಣ್ಣು ಒರೆಸ್ಕೊಳ್ಳಿ. ಡಾಕ್ಟರಮ್ಮ ನೋಡ್ತಿದ್ದಾರೆ.’

ಹೀಗೆ ದನಿ ಮರಳಿತು. ಒಂದು ಸರಿ ಗುರುತಿನ ಕೆಲಸ. ‘ಏನೋ ತಪ್ಪಾಗಿದೆ’ ಎಂಬಲ್ಲಿ ‘ಇಂಥಲ್ಲಿ ಗುರುತು ಹಾಕಿ’ ಎಂದು ಬರೆದಿದ್ದರೆ ನಾನು ಅದೇ ಮಧ್ಯಾಹ್ನ, ಟೀ ಆರುವ ಮುಂಚೆ, ಸರಿಮಾಡಿಕೊಳ್ಳುತ್ತಿದ್ದೆ. ತಮ್ಮ ಒಂದು ಸೋಮಾರಿ ವಾಕ್ಯಕ್ಕೆ ನಾವು ತೆತ್ತದ್ದು ಇಷ್ಟು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ದನಿ ಬಂದರೂ ಆ ಕುರ್ಚಿ ಖಾಲಿಯಾಗಲಿಲ್ಲ. ಚಿಲ್ಲರೆ ಈಗಲೂ ಬರುತ್ತಾರೆ. ಅವರು ಬಂದೊಡನೆ ನನ್ನಾಕೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಪಕ್ಕಕ್ಕಿಡುತ್ತಾಳೆ. ಅವರೊಂದಿಗೆ ತುಟಿಯ ಮಾತು, ನನ್ನೊಂದಿಗೆ ಟೈಪು. ಏಕೆ ಹೀಗೆ ಎಂದು ಕೇಳಿದರೆ ಅವಳ ದನಿ ಹೇಳಿತು: ‘ಟೈಪ್ ಮಾಡಿದ್ರೆ ಮಾತು ಹಿಂದೆ ಬೀಳುತ್ತೆ ರೀ. ಅವರ ಜೊತೆ ಮಾತಾಡಿದ್ರೆ ಬಾಯಿಂದಾನೇ ಮಾತಾಡಿದ ಹಾಗಿರುತ್ತೆ.’ ನಾನು ಯಾವ ದನಿಗಾಗಿ ಇಷ್ಟು ಹೊಡೆದಾಡಿದೆನೋ ಅದೇ ದನಿಯಿಂದ ಈ ಮಾತು ಕೇಳಬೇಕಾಯಿತು.

ಹಾಗಾಗಿ ಸಂಜೆ ಕೆಲಸದಿಂದ ಬಂದ ಮೇಲೆ ನಾನೂ ಅದೇ ಕುರ್ಚಿಯಲ್ಲಿ ಕೂರತೊಡಗಿದೆ. ಅವಳ ಮುಖಕ್ಕೆ ಎದುರಾಗಿ, ಕರಡಿನ ಕಟ್ಟನ್ನು ಚೀಲದಲ್ಲೇ ಬಿಟ್ಟು. ಆಕೆ ಒಂದೊಂದೇ ಮಾತು ಆಡುತ್ತಾಳೆ, ನಾನು ತಪ್ಪು ಹೇಳುತ್ತೇನೆ, ಆಕೆ ಹಣೆ ಚಚ್ಚಿಕೊಳ್ಳುತ್ತಾಳೆ. ಅವಳ ಎಡಗೆನ್ನೆಯಲ್ಲಿ ನಗು ಬರುವ ಮುಂಚೆ ಸಣ್ಣದೊಂದು ಗುಳಿ ಬೀಳುತ್ತದೆ ಎಂಬುದು ಈಗ ಗೊತ್ತಾಯಿತು. ಚಿಲ್ಲರೆಗೆ ಅದು ಎಷ್ಟು ದಿನದಿಂದ ಗೊತ್ತಿತ್ತೋ, ನೆನೆದರೆ ಮೈ ಉರಿಯುತ್ತದೆ. ಮೊನ್ನೆ ಮೊಟ್ಟಮೊದಲ ಬಾರಿಗೆ ಅವಳ ಒಂದಿಡೀ ವಾಕ್ಯ ನನಗೆ ಅಕ್ಷರ ತಪ್ಪದೆ ಅರ್ಥವಾಯಿತು. ಆ ವಾಕ್ಯ ಇದು: ‘ನಾಳೆ ಅವರನ್ನ ಊಟಕ್ಕೆ ಕರೀರಿ.’

ಅರ್ಥವಾಗದವನ ಹಾಗೆ ಕೂತೆ. ಆಕೆ ಇನ್ನೊಮ್ಮೆ ಹೇಳಿದಳು. ‘ಏನು? ನಾಳೆ ಬಟ್ಟೆ ಒಗೀಬೇಕಾ?’ ಎಂದೆ. ಆಕೆ ಬಗ್ಗಿ ನನ್ನ ಮುಖವನ್ನೇ ನೋಡಿದಳು. ಎಡಗೆನ್ನೆಯಲ್ಲಿ ಗುಳಿ ಬಿತ್ತು. ಭುಜ ಕುಣಿಯಿತು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು, ಈ ಸಲ ನನ್ನನ್ನು ನೋಡಿ. ನಾನು ಎದ್ದು ಹೋಗಿ ಚಿಲ್ಲರೆಗೆ ಫೋನು ಮಾಡಿದೆ.

ಇದನ್ನೆಲ್ಲ ನೋಡಿ ನಮ್ಮ ನವೀಕರಣದಿಂದ ಒಳ್ಳೆಯದೇ ಆಯಿತಲ್ಲ ಎಂದು ತಾವು ಬೆನ್ನು ತಟ್ಟಿಕೊಳ್ಳಬಾರದು. ಮನೆಗೆ ಬೆಂಕಿ ಹಚ್ಚಿದವನು, ನಿಮಗೆ ಚಳಿ ಕಾಯಿಸಿಕೊಳ್ಳಲು ಅನುಕೂಲವಾಯಿತು ಎನ್ನುವಂತಿಲ್ಲ. ಆ ಫೈಲುಗಳು ಒಡೆದುಹೋಗಿದ್ದರೆ? ಡಾಕ್ಟರಮ್ಮನ ಯಂತ್ರವೂ ನಿಂತುಹೋಗಿದ್ದರೆ? ತುಟಿ ಓದುವ ಒಬ್ಬ ಗೆಳೆಯನೂ ಇಲ್ಲದ ಮನೆಗಳಲ್ಲಿ ಇದೇ ಹೊತ್ತಿಗೆ ಎಷ್ಟು ಜನ ‘ಏನೋ ತಪ್ಪಾಗಿದೆ’ ಎಂಬುದರ ಮುಂದೆ ಸುಮ್ಮನೆ ಕೂತಿದ್ದಾರೋ ತಮಗೆ ಗೊತ್ತೇ?

ಇವತ್ತು ಬೆಳಗ್ಗೆ ಪರದೆಯ ಮೂಲೆಯಲ್ಲಿ ಮತ್ತೊಂದು ನವೀಕರಣ ಸಿದ್ಧವಾಗಿದೆ ಎಂಬ ಸೂಚನೆ ಬಂದಿದೆ. ಅದರ ಕೆಳಗೆ ಎರಡು ಗುಂಡಿಗಳಿವೆ: ‘ಈಗಲೇ’ ಮತ್ತು ‘ಆಮೇಲೆ’. ಕರಡು ತಿದ್ದುವವನಾಗಿ ಹೇಳುತ್ತೇನೆ, ಅಲ್ಲೊಂದು ಪದ ಬಿಟ್ಟುಹೋಗಿದೆ. ನನ್ನ ಬೇಡಿಕೆ ಅದೊಂದೇ. ಆ ಎರಡರ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ‘ಬೇಡ’ ಎಂದು ಸೇರಿಸಿ. ನಾವು ಅದನ್ನು ಒತ್ತಿದ ಮೇಲೆ ಬೇಡ ಎಂದರೆ ಬೇಡ ಎಂದೇ ತಿಳಿಯಿರಿ. ಅದು ಸೇರುವವರೆಗೆ ನಾನು ಈ ಯಂತ್ರದ ಇಂಟರ್ನೆಟ್ಟನ್ನು ಕಿತ್ತು ಕೂತಿರುತ್ತೇನೆ, ಈ ಪತ್ರವನ್ನೂ ಅದಕ್ಕಾಗಿಯೇ ಕೈಯಲ್ಲಿ ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ.

ಇಂತಿ,
ಹೆಂಡತಿ ಹೆಗಲ ಮೇಲಿಂದ ಬಗ್ಗಿ ಪ್ರತಿ ಸಾಲನ್ನೂ ಓದುತ್ತಿರುವುದರಿಂದ
ಬರೆಯಬೇಕೆಂದಿದ್ದ ಇನ್ನೂ ನಾಲ್ಕು ಮಾತನ್ನು ನುಂಗಿಕೊಂಡ
ಒಬ್ಬ ಬಳಕೆದಾರ